ಚರ್ಚ್ ಊಟಕ್ಕೆ ಹಿಂದಿನ ದಿನವೇ ಅಡುಗೆ ಮಾಡಿಡಬಹುದೇ? ಫಾರ್ವರ್ಡ್‌ಗಳು ಹೇಳುವುದರಲ್ಲಿ ಎಷ್ಟು ನಿಜ?

ಶನಿವಾರ ರಾತ್ರಿ ಹತ್ತು ಗಂಟೆ. ಮರುದಿನ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನಲ್ಲಿ ಪ್ರೀತಿ ಭೋಜನ. ಒಂದೊಂದು ಮನೆಯವರು ಒಂದೊಂದು ಅಡುಗೆ ತರಬೇಕು, ಎಲ್ಲರೂ ಹಂಚಿಕೊಂಡು ಊಟ ಮಾಡಬೇಕು. ಈಗಿನವರು ಇದನ್ನೇ ಪಾಟ್‌ಲಕ್ ಅನ್ನುತ್ತಾರೆ. ಅಮ್ಮ ಮೂರು ಕೆಜಿ ಕೋಳಿ ತರಿಸಿ ದೊಡ್ಡ ಪಾತ್ರೆಯಲ್ಲಿ ಸಾರು ಮಾಡಿದ್ದರು. ಒಲೆ ಆರಿಸಿ, ತಟ್ಟೆ ಮುಚ್ಚಿ, ಕಟ್ಟೆಯ ಮೇಲೇ ಬಿಟ್ಟು ಮಲಗಿದರು.

ಫ್ರಿಜ್‌ನಲ್ಲಿ ಯಾಕೆ ಇಡಲಿಲ್ಲ ಎಂದು ಬೆಳಿಗ್ಗೆ ಕೇಳಿದೆ. "ಬಿಸಿ ಅಡುಗೆ ಫ್ರಿಜ್‌ಗೆ ಇಟ್ರೆ ವಿಷ ಆಗುತ್ತಂತೆ ಕಣೇ, ಗ್ರೂಪ್‌ನಲ್ಲಿ ಬಂದಿತ್ತು" ಅಂದರು. ಕೇಕ್ ಮಾಡಲು ತಂದಿದ್ದ ಥರ್ಮಾಮೀಟರ್ ಹಾಕಿ ನೋಡಿದೆ. ಎಂಟು ಗಂಟೆಯ ನಂತರವೂ ಸಾರು 34 ಡಿಗ್ರಿ ಸೆಲ್ಸಿಯಸ್ ಇತ್ತು. ಸರಿಸುಮಾರು ನಮ್ಮ ಮೈಯಷ್ಟೇ ಬಿಸಿ. ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ.

ಆ ಸಾರನ್ನು ನಾವು ಒಯ್ಯಲಿಲ್ಲ. ಅಮ್ಮನಿಗೆ ಬಹಳ ಬೇಸರವಾಯಿತು. ದುಡ್ಡು, ಶ್ರಮ ಎರಡೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಎಲ್ಲರಿಗೂ ಬಡಿಸಬೇಕೆಂದು ಪ್ರೀತಿಯಿಂದ ಮಾಡಿದ್ದನ್ನು ಚೆಲ್ಲಬೇಕಾಯಿತು. "ಚೆನ್ನಾಗಿ ಕುದಿಸಿದ್ರೆ ಸರಿ ಹೋಗುತ್ತಲ್ವಾ?" ಎಂದು ಎರಡು ಸಲ ಕೇಳಿದರು.

ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಬಂದಿರಬಹುದು. ಹಿಂದಿನ ದಿನವೇ ಅಡುಗೆ ಮಾಡಿಡುವುದು ತಪ್ಪೇನಲ್ಲ. ಯಾವುದನ್ನು, ಹೇಗೆ, ಎಷ್ಟು ಹೊತ್ತು ಇಡುತ್ತೇವೆ ಎನ್ನುವುದೇ ಮುಖ್ಯ. ಮೊದಲು ಗ್ರೂಪ್‌ಗಳಲ್ಲಿ ಹರಿದಾಡುವ ಐದು ಮಾತುಗಳನ್ನು ನೋಡೋಣ. ಆಮೇಲೆ ನಿಶ್ಚಿಂತೆಯಿಂದ ಮಾಡಿಡಬಹುದಾದ ಅಡುಗೆಗಳಿಗೆ ಬರೋಣ.

ಮೊದಲು ಒಂದು ಲೆಕ್ಕ

5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಪಾಯದ ವಲಯ ಎನ್ನುತ್ತದೆ. 60ಕ್ಕಿಂತ ಮೇಲೆ ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. 5ಕ್ಕಿಂತ ಕೆಳಗೆ ಬಹಳ ನಿಧಾನವಾಗುತ್ತವೆ. ನಡುವೆ ಇದ್ದಾಗ ಹೆಚ್ಚುತ್ತವೆ. ಬೇಯಿಸಿದ ಆಹಾರ ಹೊರಗಿನ ವಾತಾವರಣದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು ಎಂದು ಆ ಸಂಸ್ಥೆ ಹೇಳುವುದು ಇದೇ ಕಾರಣಕ್ಕೆ. ಹೊರಗೆ 32 ಡಿಗ್ರಿಗಿಂತ ಹೆಚ್ಚು ಸೆಖೆ ಇದ್ದರೆ ಒಂದೇ ಗಂಟೆ ಎನ್ನುವುದು ಅಮೆರಿಕದ ಆಹಾರ ಸುರಕ್ಷತಾ ಇಲಾಖೆಗಳ ಸಲಹೆ. ಮಂಗಳೂರು, ಕಲಬುರಗಿ, ರಾಯಚೂರಿನ ಬೇಸಿಗೆಗೆ ಇದು ಪೂರ್ತಿ ಅನ್ವಯಿಸುತ್ತದೆ.

ಅನುಕೂಲವಾದ ಬಿಸಿ ಸಿಕ್ಕರೆ ಹಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಒಂದೇ ಒಂದು ಇದ್ದರೂ ಎರಡು ಗಂಟೆಯಲ್ಲಿ 64 ಆಗುತ್ತದೆ. ಐದು ಗಂಟೆಯಲ್ಲಿ 32,768. ನಮ್ಮ ಮನೆಯ ಸಾರು ಮೊದಲ ಎರಡು ಮೂರು ಗಂಟೆ ಸಾಕಷ್ಟು ಬಿಸಿ ಇದ್ದಿರಬಹುದು. ಉಳಿದ ಐದು ಗಂಟೆ ಅದು ಅಪಾಯದ ವಲಯದಲ್ಲೇ ಇತ್ತು.

ಫಾರ್ವರ್ಡ್ 1: "ಬಿಸಿ ಅಡುಗೆ ಫ್ರಿಜ್‌ನಲ್ಲಿಟ್ಟರೆ ವಿಷವಾಗುತ್ತದೆ"

ನಿಜವಲ್ಲ. ಬಿಸಿ ಆಹಾರ ಫ್ರಿಜ್‌ನಲ್ಲಿ ತಣ್ಣಗಾದರೆ ಅದರಲ್ಲಿ ಯಾವ ವಿಷವೂ ಹುಟ್ಟುವುದಿಲ್ಲ. ಬೇಗ ತಣ್ಣಗಾದಷ್ಟೂ ಒಳ್ಳೆಯದು.

ಹಾಗಾದರೆ ಈ ಮಾತು ಎಲ್ಲಿಂದ ಬಂತು? ಇದರಲ್ಲಿ ಸಣ್ಣ ಸತ್ಯವಿದೆ. ಕುದಿಯುವ ದೊಡ್ಡ ಪಾತ್ರೆಯನ್ನು ಹಾಗೇ ಒಳಗಿಟ್ಟರೆ ಫ್ರಿಜ್‌ನ ಒಳಗಿನ ಬಿಸಿ ಏರುತ್ತದೆ. ಪಕ್ಕದಲ್ಲಿರುವ ಹಾಲು, ಮೊಸರಿಗೂ ತೊಂದರೆ. ಜೊತೆಗೆ ಅಂಥ ಪಾತ್ರೆಯ ನಡುಭಾಗ ಫ್ರಿಜ್‌ನಲ್ಲಿಟ್ಟರೂ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಂದರೆ ತಪ್ಪು ಬಿಸಿಯದ್ದಲ್ಲ, ಪಾತ್ರೆಯ ಗಾತ್ರದ್ದು.

ಪರಿಹಾರ ಸುಲಭ. ಸಾರನ್ನು ಮೂರು ನಾಲ್ಕು ಅಗಲ ಪಾತ್ರೆಗಳಿಗೆ ಸುರಿಯಿರಿ. ಎರಡು ಇಂಚಿಗಿಂತ ಹೆಚ್ಚು ಆಳ ಬೇಡ. ಆ ಪಾತ್ರೆಗಳನ್ನು ತಣ್ಣೀರು ತುಂಬಿದ ಅಗಲ ಬೇಸಿನ್‌ನಲ್ಲಿಟ್ಟು ಆಗಾಗ ಸೌಟಿನಿಂದ ತಿರುಗಿಸಿ. ಐಸ್ ಇದ್ದರೆ ನೀರಿಗೆ ಹಾಕಿ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯಲ್ಲಿ ಹಬೆ ಹೋಗಿ ಉಗುರುಬೆಚ್ಚಗಾಗುತ್ತದೆ. ಆಗ ಫ್ರಿಜ್‌ಗೆ ಇಡಿ. ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ಬಿಗಿಮಾಡಿ.

ಅನ್ನಕ್ಕೂ ಇದೇ ಮಾತು. ಗಟ್ಟಿ ಆಹಾರದ ದಪ್ಪ ಅರ್ಧ ಮಾಡಿದರೆ ಅದರ ನಡುಭಾಗ ತಣ್ಣಗಾಗಲು ಬೇಕಾದ ಸಮಯ ಅರ್ಧವಲ್ಲ, ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಪುಳಿಯೋಗರೆಗೆ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಫ್ಯಾನ್ ಕೆಳಗೆ ಆರಿಸುತ್ತಿದ್ದ ಅಜ್ಜಿ ಮಾಡುತ್ತಿದ್ದುದು ಇದನ್ನೇ.

ಫಾರ್ವರ್ಡ್ 2: "ಮತ್ತೊಮ್ಮೆ ಕುದಿಸಿದರೆ ಎಲ್ಲಾ ಸಾಯುತ್ತದೆ"

ಅರ್ಧ ನಿಜ. ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ.

ಕುದಿಸಿದಾಗ ಜೀವಂತ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ಎರಡು ವಿಷಯ ಉಳಿದುಬಿಡುತ್ತವೆ. ಒಂದು, ಬೀಜಕಗಳು. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲ ಬಂದಾಗ ಗಟ್ಟಿ ಕವಚದೊಳಗೆ ಸೇರಿಕೊಂಡು ಬೀಜದ ಹಾಗೆ ಕಾಯುತ್ತವೆ. 100 ಡಿಗ್ರಿಯಲ್ಲಿ ಕುದಿಸಿದರೂ ಅವು ಸಾಯದೇ ಇರಬಹುದು. ಎರಡು, ವಿಷ. ಬ್ಯಾಕ್ಟೀರಿಯಾ ಸತ್ತರೂ ಅವು ಆಹಾರದಲ್ಲಿ ಬಿಟ್ಟ ವಿಷ ಕೆಲವು ಸಲ ಹಾಗೇ ಇರುತ್ತದೆ.

ಸಾಮೂಹಿಕ ಊಟಗಳಲ್ಲಿ ಕಾಟ ಕೊಡುವ ಮೂವರನ್ನು ಪರಿಚಯ ಮಾಡಿಕೊಳ್ಳಿ.

ಬ್ಯಾಸಿಲಸ್ ಸೀರಿಯಸ್: ಇದು ಮಣ್ಣಿನಲ್ಲಿರುತ್ತದೆ, ಅಕ್ಕಿಯ ಜೊತೆ ಮನೆಗೆ ಬರುತ್ತದೆ. ಇದರ ಬೀಜಕಗಳು ಅನ್ನ ಬೆಂದರೂ ಉಳಿಯುತ್ತವೆ. ಅನ್ನ ಬೆಚ್ಚಗೆ ಹೊರಗೇ ಇದ್ದರೆ ಮೊಳೆತು ಹೆಚ್ಚಿ, ವಾಂತಿ ಬರಿಸುವ ವಿಷ ಬಿಡುತ್ತವೆ. ಆ ವಿಷ 121 ಡಿಗ್ರಿ ಬಿಸಿಯನ್ನೂ ತಡೆದುಕೊಳ್ಳುತ್ತದೆ. ಅಂದರೆ ಪ್ರೆಶರ್ ಕುಕ್ಕರ್‌ಗೂ ಜಗ್ಗುವುದಿಲ್ಲ. 1970ರ ದಶಕದಲ್ಲಿ ಬ್ರಿಟನ್‌ನ ಚೈನೀಸ್ ಹೋಟೆಲ್‌ಗಳಲ್ಲಿ ಹಿಂದಿನ ದಿನದ ಅನ್ನದಿಂದ ಮಾಡಿದ ಫ್ರೈಡ್ ರೈಸ್ ತಿಂದವರಿಗೆ ವಾಂತಿಯಾದಾಗ ಇದು ಹೆಸರಾಯಿತು. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ.

ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್: ದೊಡ್ಡ ಪಾತ್ರೆಯ ಮಾಂಸದ ಸಾರು ಇದಕ್ಕೆ ಇಷ್ಟ. ಪಾತ್ರೆಯ ಆಳದಲ್ಲಿ ಗಾಳಿ ಇಲ್ಲ, 43ರಿಂದ 47 ಡಿಗ್ರಿ ಬಿಸಿ ಇದೆ ಎಂದರೆ ಹತ್ತು ನಿಮಿಷದೊಳಗೇ ಎರಡರಷ್ಟಾಗಬಲ್ಲದು. ತಿಂದು 6ರಿಂದ 24 ಗಂಟೆಯಲ್ಲಿ ಹೊಟ್ಟೆನೋವು, ಭೇದಿ. ಒಳ್ಳೆಯ ಸುದ್ದಿ ಏನೆಂದರೆ ಬಡಿಸುವ ಮುನ್ನ ಚೆನ್ನಾಗಿ ಕುದಿಸಿದರೆ ಬೆಳೆದ ಬ್ಯಾಕ್ಟೀರಿಯಾ ಸಾಯುತ್ತವೆ. ಬರೀ ಬೆಚ್ಚಗೆ ಮಾಡಿದರೆ ಸಾಯುವುದಿಲ್ಲ.

ಸ್ಟಫೈಲೋಕಾಕಸ್ ಆರಿಯಸ್: ಇದು ನಮ್ಮ ಮೂಗು, ಚರ್ಮ, ಕೈಯ ಗಾಯಗಳಲ್ಲಿ ಇರುತ್ತದೆ. ಅಡುಗೆ ಆದ ಮೇಲೆ ಕೈ ಹಾಕಿದಾಗ ಆಹಾರಕ್ಕೆ ಸೇರುತ್ತದೆ. ಬೆಂದ ಕೋಳಿಯನ್ನು ಕೈಯಲ್ಲಿ ಬಿಡಿಸಿ ಸ್ಯಾಂಡ್‌ವಿಚ್‌ಗೆ ತುಂಬುವುದು, ಕಲಸಿದ ಅನ್ನವನ್ನು ಕೈಯಲ್ಲಿ ಸರಿಮಾಡುವುದು, ಹೀಗೆ. ಇದು ಬಿಟ್ಟ ವಿಷವೂ ಕುದಿಸಿದರೆ ಹೋಗುವುದಿಲ್ಲ.

ಹಾಗಾಗಿ ರಾತ್ರಿಯಿಡೀ ಹೊರಗಿದ್ದ ಅಡುಗೆಯಲ್ಲಿ ಯಾವುದು ಬೆಳೆದಿದೆ ಎಂದು ನಮಗೆ ತಿಳಿಯುವುದಿಲ್ಲ. ಕುದಿಸಿದರೆ ಒಂದು ಸಾಯಬಹುದು, ಇನ್ನೊಂದರ ವಿಷ ಉಳಿಯಬಹುದು. ಅರವತ್ತು ಎಪ್ಪತ್ತು ಜನರಿಗೆ ಬಡಿಸುವಾಗ ಆ ಜೂಜು ಬೇಡ.

ಫಾರ್ವರ್ಡ್ 3: "ವಾಸನೆ, ರುಚಿ ಬದಲಾಗಿಲ್ಲ ಅಂದರೆ ಕೆಟ್ಟಿಲ್ಲ"

ನಿಜವಲ್ಲ. ಆಹಾರವನ್ನು ಹಳಸುವಂತೆ ಮಾಡುವ ಸೂಕ್ಷ್ಮಜೀವಿಗಳು ಬೇರೆ, ನಮಗೆ ಕಾಯಿಲೆ ತರುವವು ಬೇರೆ. ಹಳಸಿದ ಅನ್ನ ನಾರುತ್ತದೆ, ಅಂಟುತ್ತದೆ, ಗೊತ್ತಾಗುತ್ತದೆ. ಮೇಲೆ ಹೇಳಿದ ಮೂವರು ಎಷ್ಟೋ ಸಲ ಬಣ್ಣ, ವಾಸನೆ, ರುಚಿ ಯಾವುದನ್ನೂ ಬದಲಿಸುವುದಿಲ್ಲ. ನಮ್ಮ ಮನೆಯ ಸಾರು ಆ ಬೆಳಿಗ್ಗೆ ಘಮಘಮ ಎನ್ನುತ್ತಿತ್ತು.

ಆದ್ದರಿಂದ ಮೂಗನ್ನು ನಂಬುವುದಕ್ಕಿಂತ ಗಡಿಯಾರವನ್ನು ನಂಬಿ. ಒಲೆಯಿಂದ ಇಳಿಸಿದ್ದು ಯಾವಾಗ, ಫ್ರಿಜ್‌ಗೆ ಇಟ್ಟಿದ್ದು ಯಾವಾಗ ಎನ್ನುವುದೇ ಸರಿಯಾದ ಪರೀಕ್ಷೆ.

ಫಾರ್ವರ್ಡ್ 4: "ಹುಣಸೆಹುಳಿ, ನಿಂಬೆ, ಅರಿಶಿನ ಹಾಕಿದರೆ ಏನೂ ಕೆಡುವುದಿಲ್ಲ"

ಭಾಗಶಃ ನಿಜ. ಹುಳಿ, ಉಪ್ಪು, ಎಣ್ಣೆ, ವಿನೆಗರ್ ಮತ್ತು ಕಡಿಮೆ ನೀರು ಸೇರಿದರೆ ಆಹಾರ ಹೆಚ್ಚು ದಿನ ಬಾಳುತ್ತದೆ. ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು ಕೆಡದೇ ಇರುವುದು ಇದರಿಂದಲೇ. ಆದರೆ ಗೊಜ್ಜನ್ನು ಅನ್ನಕ್ಕೆ ಕಲಸಿದ ಮೇಲೆ ಹುಳಿ ಹರಡಿಹೋಗುತ್ತದೆ, ಅನ್ನದ ತೇವ ಸೇರುತ್ತದೆ. ಗೊಜ್ಜಿನ ಆಯಸ್ಸು ಪುಳಿಯೋಗರೆಗೆ ಬರುವುದಿಲ್ಲ. ಅರಿಶಿನಕ್ಕೆ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ತಡೆಯುವ ಗುಣ ಕಂಡಿದ್ದರೂ ಸಾರಿಗೆ ಹಾಕುವ ಅರ್ಧ ಚಮಚದಿಂದ ಫ್ರಿಜ್‌ನ ಕೆಲಸ ಆಗುವುದಿಲ್ಲ.

ಮೊಸರನ್ನದಲ್ಲೂ ಒಂದು ಸೂಕ್ಷ್ಮವಿದೆ. ಮಧ್ಯಾಹ್ನಕ್ಕೆ ಹುಳಿಯಾಗಬಾರದೆಂದು ಮೊಸರು ಕಡಿಮೆ ಮಾಡಿ ಹಾಲು ಹೆಚ್ಚು ಹಾಕುತ್ತೇವೆ. ರುಚಿಗೆ ಅದು ಸರಿ. ಆದರೆ ಕಾಪಾಡುತ್ತಿದ್ದ ಹುಳಿಯನ್ನೇ ಕಡಿಮೆ ಮಾಡಿದಂತಾಯಿತು. ಅಂಥ ಮೊಸರನ್ನ ತಣ್ಣಗೇ ಇರಬೇಕು.

"ನಮ್ಮ ಅಜ್ಜಂದಿರು ತಂಗಳನ್ನ ತಿಂದೇ ಗಟ್ಟಿಮುಟ್ಟಾಗಿದ್ದರು" ಎಂದು ನೀವು ಕೇಳಬಹುದು. ಅವರು ಅನ್ನವನ್ನು ನೀರಿನಲ್ಲಿ ನೆನೆಸಿಡುತ್ತಿದ್ದರು. ಅಲ್ಲಿ ಮೊಸರು ಮಾಡುವಂಥ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆಳೆದು ನೀರು ಹುಳಿಯಾಗುತ್ತದೆ, ಬೇರೆಯವು ಬೆಳೆಯುವುದು ಕಷ್ಟವಾಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಬೆಚ್ಚಗೆ ಉಳಿದ ಬಿರಿಯಾನಿ ತಂಗಳನ್ನವಲ್ಲ.

ಫಾರ್ವರ್ಡ್ 5: "ಕತ್ತರಿಸಿದ ಈರುಳ್ಳಿ ಗಾಳಿಯ ಬ್ಯಾಕ್ಟೀರಿಯಾ ಹೀರಿಕೊಳ್ಳುತ್ತದೆ, ತಪ್ಪು ಮಯೋನೀಸ್‌ದಲ್ಲ, ಈರುಳ್ಳಿಯದು"

ನಿಜವಲ್ಲ. ಈರುಳ್ಳಿ ಆಯಸ್ಕಾಂತವಲ್ಲ. ಗಾಳಿಯಲ್ಲಿರುವುದನ್ನು ಎಳೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಕತ್ತರಿಸಿದ ಯಾವ ತರಕಾರಿಗೂ ಚಾಕು, ಮಣೆ, ಕೈಯಿಂದ ಕೊಳೆ ಸೇರಬಹುದು, ಈರುಳ್ಳಿಗೂ ಅಷ್ಟೇ. ಹೆಚ್ಚಿದ ಈರುಳ್ಳಿಯನ್ನು ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟು ಮರುದಿನ ಧಾರಾಳವಾಗಿ ಬಳಸಬಹುದು.

ಮಯೋನೀಸ್ ಪೂರ್ತಿ ನಿರಪರಾಧಿಯೂ ಅಲ್ಲ, ಪೂರ್ತಿ ಅಪರಾಧಿಯೂ ಅಲ್ಲ. ಕಂಪನಿಗಳ ಬಾಟಲಿ ಮಯೋನೀಸ್‌ನಲ್ಲಿ ವಿನೆಗರ್ ಅಥವಾ ನಿಂಬೆಯ ಹುಳಿ ಇರುತ್ತದೆ. ಹಸಿ ಮೊಟ್ಟೆಯಿಂದ ಮನೆಯಲ್ಲೋ ಅಂಗಡಿಯಲ್ಲೋ ಮಾಡಿದ್ದರಲ್ಲಿ ಸಾಲ್ಮೊನೆಲ್ಲಾ ಅಪಾಯವಿದೆ. ತೆಲಂಗಾಣ ಸರ್ಕಾರ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡು ಸರ್ಕಾರ 2025ರ ಏಪ್ರಿಲ್‌ನಲ್ಲಿ ಹಸಿ ಮೊಟ್ಟೆಯ ಮಯೋನೀಸ್ ಅನ್ನು ಒಂದು ವರ್ಷ ನಿಷೇಧಿಸಿದ್ದವು. ಬಾಟಲಿಯದ್ದಾದರೂ ಬೆಂದ ಆಲೂಗಡ್ಡೆ, ಕೋಳಿಗೆ ಬೆರೆಸಿದ ಮೇಲೆ ಅದು ಬೇಗ ಕೆಡುವ ಆಹಾರವೇ.

ಒಹಾಯೊದ ಚರ್ಚ್ ಊಟದಲ್ಲಿ ನಡೆದದ್ದು

2015ರ ಏಪ್ರಿಲ್ 19, ಭಾನುವಾರ. ಅಮೆರಿಕದ ಒಹಾಯೊ ರಾಜ್ಯದ ಲ್ಯಾಂಕಸ್ಟರ್ ಎಂಬ ಊರಿನ ಚರ್ಚೊಂದರಲ್ಲಿ ಪಾಟ್‌ಲಕ್ ಊಟವಿತ್ತು. 77 ಜನ ತಿಂದರು. ಎರಡು ದಿನದಲ್ಲಿ ಕೆಲವರು ಆಸ್ಪತ್ರೆಗೆ ಬಂದರು. ಕಣ್ಣು ಮಂಜು, ನುಂಗಲು ಕಷ್ಟ, ಉಸಿರಾಟಕ್ಕೆ ತೊಂದರೆ. ಅದು ಬಾಟುಲಿಸಂ, ನರಗಳನ್ನು ನಿಷ್ಕ್ರಿಯಗೊಳಿಸುವ ಅಪರೂಪದ ಕಾಯಿಲೆ. ಒಟ್ಟು 29 ಮಂದಿಗೆ ಕಾಯಿಲೆಯಾಯಿತು, ಒಬ್ಬರು ತೀರಿಕೊಂಡರು. ಸುಮಾರು 40 ವರ್ಷಗಳಲ್ಲಿ ಅಮೆರಿಕ ಕಂಡ ಅತಿ ದೊಡ್ಡ ಬಾಟುಲಿಸಂ ಪ್ರಕರಣ ಅದು.

ಕಾರಣ ಆಲೂಗಡ್ಡೆ ಸಲಾಡ್ ಎಂದು ತನಿಖೆಯಲ್ಲಿ ತಿಳಿಯಿತು. ನಮ್ಮ ಫಾರ್ವರ್ಡ್ ಆಗಿದ್ದರೆ ಮಯೋನೀಸ್ ಅನ್ನೋ ಈರುಳ್ಳಿಯನ್ನೋ ದೂರುತ್ತಿತ್ತು. ನಿಜವಾದ ಕಾರಣ ಬೇರೆ. ಸಲಾಡ್‌ಗೆ ಬಳಸಿದ್ದು ಮನೆಯಲ್ಲೇ ಬಾಟಲಿಗೆ ತುಂಬಿ ಇಟ್ಟಿದ್ದ ಆಲೂಗಡ್ಡೆ. ಆ ಬಾಟಲಿಗಳನ್ನು ಬರೀ ಕುದಿಯುವ ನೀರಿನಲ್ಲಿಟ್ಟು ಸೀಲ್ ಮಾಡಿದ್ದರು. ಅದಕ್ಕೆ ಒತ್ತಡದ ಪಾತ್ರೆಯ ಹೆಚ್ಚಿನ ಬಿಸಿ ಬೇಕಿತ್ತು. ಕುದಿನೀರಿಗೆ ಸಾಯದ ಬೀಜಕಗಳು ಗಾಳಿಯಿಲ್ಲದ ಬಾಟಲಿಯೊಳಗೆ ಬೆಳೆದು ವಿಷ ಬಿಟ್ಟವು. ಸಲಾಡ್ ಮಾಡುವಾಗ ಆ ಆಲೂಗಡ್ಡೆಯನ್ನು ಮತ್ತೆ ಬಿಸಿ ಮಾಡಿರಲಿಲ್ಲ.

ಇಲ್ಲಿ ಯಾರದ್ದೂ ಕೆಟ್ಟ ಉದ್ದೇಶವಿರಲಿಲ್ಲ. ಎಲ್ಲರ ಜೊತೆ ಹಂಚಿಕೊಳ್ಳಲು ಪ್ರೀತಿಯಿಂದ ತಂದ ಅಡುಗೆ ಅದು. ಪ್ರೀತಿಗೆ ಸ್ವಲ್ಪ ತಿಳಿವಳಿಕೆಯೂ ಸೇರಬೇಕು ಎನ್ನುವುದಕ್ಕೆ ಈ ಘಟನೆ ನೆನಪಿಡಬೇಕು. ನಮ್ಮಲ್ಲಿ ತರಕಾರಿಯನ್ನು ಹೀಗೆ ಬಾಟಲಿ ಮಾಡುವ ರೂಢಿ ಕಡಿಮೆ. ಆದರೆ ಬೆಳ್ಳುಳ್ಳಿಯನ್ನು ಹಾಗೇ ಎಣ್ಣೆಯಲ್ಲಿ ಮುಳುಗಿಸಿ ವಾರಗಟ್ಟಲೆ ಹೊರಗಿಡುವ ವೀಡಿಯೊಗಳು ಬರುತ್ತಿವೆ. ಉಪ್ಪು, ಹುಳಿ ಇಲ್ಲದೆ ಹೀಗಿಟ್ಟರೆ ಅಪಾಯ ಅದೇ.

ಹಾಗಾದರೆ ಏನು ಮಾಡಿಡಬಹುದು?

ಅಡುಗೆಗಳನ್ನು ಮೂರು ಗುಂಪು ಮಾಡಿಕೊಂಡರೆ ಸುಲಭ.

ಮೊದಲ ಗುಂಪು: ವಾರದ ಮೊದಲೇ ಮಾಡಬಹುದಾದವು. ಇವುಗಳಲ್ಲಿ ನೀರು ಬಹಳ ಕಡಿಮೆ. ರವೆ ಉಂಡೆ, ಚಕ್ಕುಲಿ, ಕೋಡುಬಳೆ, ಖಾರ ಅವಲಕ್ಕಿ, ಚಟ್ನಿಪುಡಿ. ಕ್ರಿಸ್ಮಸ್ ಸಮಯವಾದರೆ ಕಲ್ಕಲ್, ಪ್ಲಮ್ ಕೇಕ್. ಮಂಗಳೂರು ಕಡೆಯವರ ಕುಸ್ವಾರ್ ಡಬ್ಬದಲ್ಲಿರುವ ಕಿಡಿಯೊ, ನೆವ್ರಿಯೊ, ಗುಳಿಯೊ ಎಲ್ಲವೂ ಈ ಗುಂಪಿನವು. ಫ್ರಿಜ್ ಇಲ್ಲದ ಕಾಲದಲ್ಲಿ ಹಬ್ಬಕ್ಕೆ ವಾರ ಮೊದಲೇ ಇವನ್ನು ಮಾಡಿಡಲು ಆಗುತ್ತಿದ್ದುದು ಸುಮ್ಮನೆ ಅಲ್ಲ. ಪೂರ್ತಿ ಆರಿದ ಮೇಲೆ ಒಣ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿದರೆ ಸಾಕು. ಕೆಲಸಕ್ಕೆ ಹೋಗುವವರಿಗೆ, ಭಾನುವಾರ ಬೆಳಿಗ್ಗೆ ಕ್ವಾಯರ್‌ನಲ್ಲಿ ಹಾಡುವವರಿಗೆ ಇದಕ್ಕಿಂತ ನೆಮ್ಮದಿಯ ಆಯ್ಕೆ ಇಲ್ಲ.

ಎರಡನೇ ಗುಂಪು: ಅರ್ಧ ಮೊದಲೇ, ಅರ್ಧ ಬೆಳಿಗ್ಗೆ.

ಪುಳಿಯೋಗರೆ: ಗೊಜ್ಜನ್ನು ಗುರುವಾರವೇ ಮಾಡಿ, ಎಣ್ಣೆ ಬಿಡುವವರೆಗೆ ಕುದಿಸಿ, ಆರಿದ ಮೇಲೆ ಗಾಜು ಅಥವಾ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಭಾನುವಾರ ಬೆಳಿಗ್ಗೆ ಅನ್ನ ಮಾಡಿ, ತಟ್ಟೆಯಲ್ಲಿ ಹರಡಿ ಆರಿಸಿ, ಸೌಟಿನಿಂದ ಕಲಸಿ. ಒಂದು ಕೆಜಿ ಅಕ್ಕಿಯ ಅನ್ನ ಅದೊಂದೇ ಊಟವಾದರೆ ಹತ್ತು ಹನ್ನೆರಡು ಜನರಿಗೆ ಆಗುತ್ತದೆ. ಬೇರೆ ಅಡುಗೆಗಳೂ ಇದ್ದರೆ ಇಪ್ಪತ್ತು ಜನರಿಗೆ ಒಂದೊಂದು ಸೌಟು ಸಿಗುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬೇಡಿ. ತಾಮ್ರ ಆಹಾರಕ್ಕೆ ಇಳಿದು ವಾಂತಿ ಬರಿಸಬಹುದು.

ಹೆಸರುಬೇಳೆ ಕೋಸಂಬರಿ: ಒಲೆಯೇ ಬೇಡ. ಬೇಳೆ ಒಂದು ಗಂಟೆ ನೆನೆಸಿ, ಬಸಿದು, ರಾತ್ರಿ ಫ್ರಿಜ್‌ನಲ್ಲಿಡಿ. ಒಗ್ಗರಣೆಯನ್ನು ಸಣ್ಣ ಡಬ್ಬಿಯಲ್ಲಿ ಬೇರೆ ಇಡಿ. ಸೌತೆಕಾಯಿ, ಕ್ಯಾರೆಟ್, ತೆಂಗಿನತುರಿ ಬೆಳಿಗ್ಗೆ ಸೇರಿಸಿ. ಉಪ್ಪು, ನಿಂಬೆರಸ ಮಾತ್ರ ಚರ್ಚಿನಲ್ಲಿ ಬಡಿಸುವ ಮುನ್ನ. ಮೊದಲೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.

ಇಡ್ಲಿ, ಸಾನ್ನ: ಹಿಟ್ಟು ಶನಿವಾರ, ಬೇಯಿಸುವುದು ಭಾನುವಾರ. ಹಸಿ ತೆಂಗಿನಕಾಯಿ ಚಟ್ನಿ ಬೇಗ ಕೆಡುತ್ತದೆ, ಬೆಳಿಗ್ಗೆಯೇ ರುಬ್ಬಿ ತಣ್ಣಗೆ ಒಯ್ಯಿರಿ. ಇಲ್ಲವೇ ಚಟ್ನಿಪುಡಿ, ಎಣ್ಣೆ ಒಯ್ದರೆ ಚಿಂತೆಯೇ ಇಲ್ಲ.

ಮೂರನೇ ಗುಂಪು: ಹಿಂದಿನ ದಿನ ಮಾಡಿ, ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಕುದಿಸುವವು. ಕೋಳಿ ಸಾರು, ಹಂದಿಮಾಂಸದ ಬಾಫಾತ್, ವಿಂದಾಲು, ಕಡಲೆ ಗಸಿ, ರಾಜ್ಮಾ. ಮಸಾಲೆ ಎಳೆದುಕೊಂಡು ಮರುದಿನ ಇವುಗಳ ರುಚಿ ಹೆಚ್ಚುತ್ತದೆ. ಕೋರಿ ರೊಟ್ಟಿ ಆದರೆ ಒಣ ರೊಟ್ಟಿ ಅಂಗಡಿಯಲ್ಲೇ ಸಿಗುತ್ತದೆ, ಸಾರು ಮಾತ್ರ ನಿಮ್ಮ ಕೆಲಸ. ಕರಾವಳಿಯ ಹಳೆಯ ಮನೆಗಳಲ್ಲಿ ಮಣ್ಣಿನ ಗಡಿಗೆಯ ಬಾಫಾತ್ ಅನ್ನು ದಿನಾ ಕುದಿಸಿ ಇಡುತ್ತಿದ್ದರು. ವಿನೆಗರ್ ಅಥವಾ ಹುಣಸೆಹುಳಿ, ಉಪ್ಪು, ಖಾರ ಸ್ವಲ್ಪ ರಕ್ಷಣೆ ಕೊಡುತ್ತಿದ್ದವು ನಿಜ. ಈಗ ಫ್ರಿಜ್ ಇರುವಾಗ ಆ ಧೈರ್ಯ ಬೇಡ.

ಈ ಗುಂಪಿಗೆ ಮೂರು ನಿಯಮ: ಒಲೆಯಿಂದ ಇಳಿಸಿ ಎರಡು ಗಂಟೆಯೊಳಗೆ ಚಿಕ್ಕ ಪಾತ್ರೆಗಳಲ್ಲಿ ಫ್ರಿಜ್ ಸೇರಬೇಕು. ಫ್ರಿಜ್ ಚಿಕ್ಕದಿದ್ದರೆ ಪಕ್ಕದ ಮನೆಯವರ ಫ್ರಿಜ್ ಕೇಳಿ, ಇಲ್ಲವೇ ಬೆಳಿಗ್ಗೆಯೇ ಮಾಡಿ. ಒಯ್ಯುವ ಮುನ್ನ ನಡುಭಾಗವೂ ಕೊತಕೊತ ಕುದಿಯಬೇಕು. ಥರ್ಮಾಮೀಟರ್ ಇದ್ದರೆ 74 ಡಿಗ್ರಿ ದಾಟಬೇಕು. ಮಸಾಲೆ ರುಬ್ಬಿ, ಈರುಳ್ಳಿ ಹುರಿದು ಮೊದಲೇ ಇಟ್ಟುಕೊಂಡರೆ ಕೋಳಿ ಸಾರನ್ನು ಭಾನುವಾರ ಬೆಳಿಗ್ಗೆ ಮುಕ್ಕಾಲು ಗಂಟೆಯಲ್ಲಿ ಮಾಡಬಹುದು ಎನ್ನುವುದೂ ನೆನಪಿರಲಿ.

ಬಿರಿಯಾನಿ, ಘೀ ರೈಸ್, ವೆಜ್ ಪಲಾವ್ ರಾತ್ರಿಯೇ ಮಾಡಿಡಬೇಡಿ. ದೊಡ್ಡ ಪಾತ್ರೆಯಲ್ಲಿ ದಮ್ ಕಟ್ಟಿದ ಅನ್ನ ತಣ್ಣಗಾಗಲು ಬಹಳ ಹೊತ್ತು ಬೇಕು. ಮೊಟ್ಟೆ ಸ್ಯಾಂಡ್‌ವಿಚ್, ಕ್ರೀಮ್ ಇರುವ ಸಿಹಿ, ಕಸ್ಟರ್ಡ್ ಒಯ್ಯುವುದಾದರೆ ಐಸ್ ಇಟ್ಟ ಪೆಟ್ಟಿಗೆ ಬೇಕೇ ಬೇಕು.

ಮನೆಯಿಂದ ಚರ್ಚಿನ ಹಾಲ್‌ವರೆಗೆ

ಒಂದು ವಿಷಯ ನಾವು ಮರೆಯುತ್ತೇವೆ. ಎಂಟೂವರೆಗೆ ಮನೆ ಬಿಟ್ಟು, ಒಂಬತ್ತಕ್ಕೆ ಆರಾಧನೆ, ಊಟ ಹನ್ನೆರಡೂವರೆಗೆ. ಅಲ್ಲಿಗೇ ನಾಲ್ಕು ಗಂಟೆ. ಎಷ್ಟು ಕುದಿಸಿ ಒಯ್ದರೂ ಹಾಲ್‌ನ ಮೂಲೆಯಲ್ಲಿಟ್ಟ ಪಾತ್ರೆ ಅಷ್ಟರಲ್ಲಿ ಅಪಾಯದ ವಲಯಕ್ಕೆ ಇಳಿದಿರುತ್ತದೆ.

ಹಾಟ್‌ಬಾಕ್ಸ್ ಬಳಸುವುದಾದರೆ ಮೊದಲು ಅದಕ್ಕೆ ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ. ಆಮೇಲೆ ಕುದಿಯುವ ಸಾರನ್ನು ಅಂಚಿನವರೆಗೆ ತುಂಬಿ. ಅರ್ಧ ತುಂಬಿದ ಡಬ್ಬಿ ಬೇಗ ತಣ್ಣಗಾಗುತ್ತದೆ. ಹಾಟ್‌ಬಾಕ್ಸ್ ಬಿಸಿ ಉಳಿಸುತ್ತದೆ, ಬಿಸಿ ಮಾಡುವುದಿಲ್ಲ. ಇನ್ನೂ ಒಳ್ಳೆಯ ದಾರಿ, ಚರ್ಚಿನ ಅಡುಗೆಮನೆಯಲ್ಲಿ ಎರಡು ಒಲೆ ವ್ಯವಸ್ಥೆ ಮಾಡಿಕೊಂಡು, ಹನ್ನೊಂದೂವರೆಗೆ ಇಬ್ಬರು ಎದ್ದು ಹೋಗಿ ಎಲ್ಲ ಸಾರುಗಳನ್ನು ಕುದಿಸುವುದು. ಪ್ರತಿ ತಿಂಗಳು ಸರದಿ ಬದಲಾಗಲಿ.

ಪ್ರತಿ ಪಾತ್ರೆಗೂ ಒಂದು ಚೀಟಿ ಅಂಟಿಸಿ. ಅಡುಗೆಯ ಹೆಸರು, ಮಾಡಿದ ಸಮಯ, ಕಡಲೆಕಾಯಿ, ಗೋಡಂಬಿ, ಹಾಲು, ಮೊಟ್ಟೆ, ಗೋಧಿ ಇದೆಯೇ ಎನ್ನುವುದು. ಅಲರ್ಜಿ ಇರುವ ಮಗುವಿನ ತಾಯಿಗೆ ಈ ಚೀಟಿ ದೊಡ್ಡ ಉಪಕಾರ. ಪ್ರತಿ ಅಡುಗೆಗೂ ಬೇರೆ ಸೌಟು ಇರಲಿ. ಬಡಿಸುವವರು ಸೋಪಿನಿಂದ ಕೈ ತೊಳೆದಿರಲಿ. ಹಳೆಯ ಪಾತ್ರೆಯಲ್ಲಿ ಉಳಿದಿರುವುದರ ಮೇಲೇ ಹೊಸದನ್ನು ಸುರಿಯಬೇಡಿ. ಭೇದಿ, ವಾಂತಿ ಇದ್ದವರು ಆ ವಾರ ಅಡುಗೆ ಮಾಡುವುದು ಬೇಡ. ಹಣ್ಣು ಖರೀದಿಸಿ ತಂದರೂ ಅದು ಪಾಲೇ.

ಉಳಿದದ್ದನ್ನು ಕವರ್‌ಗಳಲ್ಲಿ ಕಟ್ಟಿ ಹಿರಿಯರ ಮನೆಗೆ ಕಳಿಸುವ ಒಳ್ಳೆಯ ರೂಢಿ ನಮ್ಮಲ್ಲಿದೆ. ಆದರೆ ಎರಡು ಗಂಟೆ ಮೇಜಿನ ಮೇಲಿದ್ದ ಮಾಂಸ, ಅನ್ನ ಕಳಿಸಬೇಡಿ. ವಯಸ್ಸಾದವರು, ಗರ್ಭಿಣಿಯರು, ಚಿಕ್ಕ ಮಕ್ಕಳು, ಕ್ಯಾನ್ಸರ್ ಅಥವಾ ಕಿಡ್ನಿ ಚಿಕಿತ್ಸೆಯಲ್ಲಿರುವವರಿಗೆ ನಮಗಾಗುವುದಕ್ಕಿಂತ ಹೆಚ್ಚು ತೊಂದರೆಯಾಗುತ್ತದೆ. ಅವರಿಗೆಂದು ಊಟಕ್ಕೆ ಮೊದಲೇ ಎತ್ತಿಟ್ಟು ಕಳಿಸಿ.

ಯಾರಿಗಾದರೂ ಹುಷಾರು ತಪ್ಪಿದರೆ

ವಾಂತಿ, ಭೇದಿಯಲ್ಲಿ ಮೊದಲ ಅಪಾಯ ದೇಹದ ನೀರು, ಲವಣ ಹೋಗುವುದು. ಪೊಟ್ಟಣದ ಮೇಲೆ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಓಆರ್‌ಎಸ್ ಕರಗಿಸಿ, ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಮಲದಲ್ಲಿ ರಕ್ತ, ಜಾಸ್ತಿ ಜ್ವರ, ನೀರೂ ನಿಲ್ಲದಷ್ಟು ವಾಂತಿ, ಮೂತ್ರ ಕಡಿಮೆಯಾಗುವುದು, ಮೂರು ದಿನ ದಾಟಿದ ಭೇದಿ ಇದ್ದರೆ ವೈದ್ಯರ ಬಳಿ ಹೋಗಿ. ಮಗು, ವೃದ್ಧರು, ಗರ್ಭಿಣಿ ಆದರೆ ಅಷ್ಟು ಕಾಯಬೇಡಿ. ಕಣ್ಣು ಮಂಜಾಗುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟ ಇವು ಕಂಡರೆ ತಕ್ಷಣ ಆಸ್ಪತ್ರೆ.

ಒಂದೇ ಊಟ ಮಾಡಿದ ಹಲವರಿಗೆ ಹೀಗಾದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಳಿದ ಅಡುಗೆಯನ್ನು ಯಾರೂ ತಿನ್ನದಂತೆ ಮುಚ್ಚಿ ಫ್ರಿಜ್‌ನಲ್ಲಿಡಿ, ಪರೀಕ್ಷೆಗೆ ಬೇಕಾಗಬಹುದು. "ಅವರ ಮನೆ ಅಡುಗೆಯಿಂದಲೇ ಆಯಿತು" ಎಂಬ ಮೆಸೇಜ್ ಮಾತ್ರ ಹಾಕಬೇಡಿ. ಪರೀಕ್ಷೆ ಇಲ್ಲದೆ ಅದನ್ನು ಹೇಳಲಾಗದು. ಬಹಳಷ್ಟು ಸಲ ಜನ ಕೊನೆಗೆ ತಿಂದದ್ದನ್ನೇ ದೂರುತ್ತಾರೆ, ಕಾರಣ ಬೇರೆಯೇ ಇರುತ್ತದೆ.

ಆ ಭಾನುವಾರ ಏನಾಯಿತು?

ಸಾರು ಹೋಯಿತು, ಗಂಟೆ ಆರೂವರೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು ಎದ್ದರು. ಒಂದು ಕೆಜಿ ಅಕ್ಕಿ ತೊಳೆದರು. ನಾನು ನಿಂಬೆಹಣ್ಣು ಹಿಂಡಿದೆ. ಕಡಲೆಬೇಳೆ, ಕಡಲೆಕಾಯಿ, ಹಸಿಮೆಣಸಿನಕಾಯಿ ಒಗ್ಗರಣೆ. ಎಂಟು ಗಂಟೆಗೆ ಚಿತ್ರಾನ್ನ ತಯಾರಾಗಿತ್ತು. ಆರಿದ ಅನ್ನ ಒಂದು ಡಬ್ಬಿ, ಒಗ್ಗರಣೆ ಇನ್ನೊಂದು ಡಬ್ಬಿ. ಅನ್ನದ ಡಬ್ಬಿಯನ್ನು ಚರ್ಚಿನ ಪಕ್ಕದಲ್ಲೇ ಇರುವ ಪರಿಚಯದವರ ಫ್ರಿಜ್‌ನಲ್ಲಿಟ್ಟು, ಊಟಕ್ಕೆ ಮುನ್ನ ಒಗ್ಗರಣೆ ಕಾಯಿಸಿ, ಅನ್ನ ಚೆನ್ನಾಗಿ ಬಿಸಿಮಾಡಿ ಕಲಸಿದೆವು. ಡಬ್ಬಿ ಖಾಲಿಯಾಗಿ ಮನೆಗೆ ಬಂತು.

ಮುಂದಿನ ವಾರ ಅಮ್ಮನೇ ಗ್ರೂಪ್‌ನಲ್ಲಿ ಬರೆದರು, "ಬಿಸಿ ಸಾರು ಫ್ರಿಜ್‌ಗೆ ಇಡಬಾರದು ಅನ್ನೋ ಮೆಸೇಜ್ ತಪ್ಪಂತೆ, ಚಿಕ್ಕ ಪಾತ್ರೆಗೆ ಹಾಕಿ ಇಡಿ." ಯಾರೋ ಕೈಮುಗಿಯುವ ಚಿಹ್ನೆ ಹಾಕಿದರು, ಇಬ್ಬರು ಫೋನ್ ಮಾಡಿ ವಿಚಾರಿಸಿದರು.

ನೀವೂ ಗ್ರೂಪ್‌ಗೆ ಏನಾದರೂ ಕಳಿಸುವುದಾದರೆ ಇಷ್ಟು ಕಳಿಸಿ:

1. ಅಡುಗೆ ಇಳಿಸಿದ ಎರಡು ಗಂಟೆಯೊಳಗೆ, ಚಿಕ್ಕ ಅಗಲ ಪಾತ್ರೆಗಳಲ್ಲಿ, ಫ್ರಿಜ್‌ಗೆ.
2. ಬಿಸಿ ಇರಬೇಕಾದ್ದು ಕೈ ಸುಡುವಷ್ಟು ಬಿಸಿ, ತಣ್ಣಗಿರಬೇಕಾದ್ದು ಫ್ರಿಜ್‌ನಷ್ಟು ತಣ್ಣಗೆ. ನಡುವೆ ಬೇಡ.
3. ಒಯ್ಯುವ ಮುನ್ನ ನಡುಭಾಗದವರೆಗೆ ಕುದಿಸಿ.
4. ರಾತ್ರಿಯಿಡೀ ಹೊರಗಿದ್ದ ಅನ್ನ, ಮಾಂಸದ ಸಾರು ಕುದಿಸಿದರೂ ಬಡಿಸಬೇಡಿ.
5. ಸಮಯವಿಲ್ಲದಿದ್ದರೆ ಒಣ ತಿಂಡಿ, ಹಣ್ಣು ಒಯ್ಯಿರಿ. ಯಾರೂ ಕಡಿಮೆ ಎಂದುಕೊಳ್ಳುವುದಿಲ್ಲ.